ಕೊನೆಗೆ ಕೇಳಿಸಿದ್ದು ಯಾವತ್ತು? ಅದೊಂದು ಬರೆಯಿರಿ ಸಾಕು

ಒಂದು ತಪ್ಪು ಟೋನ್‌ನಿಂದ ನನ್ನ ಮೂರು ವಾರದ ಸಂಜೆಗಳು ಹಾಳಾದವು. ರೇಡಿಯೋ ಸ್ಕ್ಯಾನರ್‌ಗೆ (ಹಲವು ಚಾನೆಲ್‌ಗಳನ್ನು ಒಂದೊಂದಾಗಿ ತಡಕಿ ಕೇಳಿಸುವ ರೇಡಿಯೋ) ಫ್ರೀಕ್ವೆನ್ಸಿ ತುಂಬಿಸುವಾಗ ನಾವೆಲ್ಲ ಕಣ್ಣುಮುಚ್ಚಿ ನಂಬುವ ಆ ಆನ್‌ಲೈನ್ ಪಟ್ಟಿಯ ಮೇಲೆ ಇವತ್ತು ತಡೆಯಲಾರದಷ್ಟು ಸಿಟ್ಟು ಬಂದಿದೆ.

ನಾನು ಕೇಳಲು ಹೊರಟಿದ್ದು ಒಂದು ಹ್ಯಾಮ್ ರಿಪೀಟರ್, ಅಂದರೆ ಹವ್ಯಾಸಿ ರೇಡಿಯೋದವರ ಮಾತನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರ. ಪಟ್ಟಿಯಲ್ಲಿ ಅದರ ಸಿಟಿಸಿಎಸ್‌ಎಸ್ ಟೋನ್ (ಮಾತಿನ ಜೊತೆ ಸಣ್ಣಗೆ ಹೋಗುವ ಗುರುತಿನ ಸ್ವರ) 100.0 ಹರ್ಟ್ಜ್ ಅಂತಿತ್ತು. ಹಾಗೇ ಹಾಕಿದೆ. ಒಂದು ಮಾತೂ ಕೇಳಿಸಲಿಲ್ಲ. ಆಂಟೆನಾ ಸರಿ ಇಲ್ಲವೇನೋ ಅಂದುಕೊಂಡು ಅದರ ಜಾಗ ಬದಲಿಸಿದೆ. ಕೇಬಲ್ ಬದಲಿಸಿದೆ. ಬಿಎನ್‌ಸಿ ಕನೆಕ್ಟರ್ ಬಿಚ್ಚಿ ಹೊಸದು ಹಾಕಿದೆ. ರೇಡಿಯೋನೇ ಕೆಟ್ಟಿದೆ ಅನ್ನುವ ಅನುಮಾನವೂ ಬಂತು. ಕೊನೆಗೆ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರನ್ನೇ ರೇಡಿಯೋ ಮಾಡುವ ಪುಟ್ಟ ಸಾಧನ) ಸಿಕ್ಕಿಸಿ ವಾಟರ್‌ಫಾಲ್, ಅಂದರೆ ಸಿಗ್ನಲ್‌ಗಳನ್ನು ತೆರೆಯ ಮೇಲೆ ತೋರಿಸುವ ಚಿತ್ರ, ನೋಡಿದರೆ ಸಿಗ್ನಲ್ ಅಲ್ಲೇ ದಪ್ಪಗೆ ನಿಂತಿದೆ! ಟೋನ್ ಸರ್ಚ್ ಹಾಕಿದೆ. 103.5 ಬಂತು.

ಹೊಟ್ಟೆ ಉರಿಯುವುದು ಇದಕ್ಕೇ. ಟೋನ್ ಕಾಲಂ ಖಾಲಿ ಬಿಟ್ಟಿದ್ದರೆ ನನಗೆ ಮೊದಲ ದಿನವೇ ಕೇಳಿಸುತ್ತಿತ್ತು. ಟೋನ್ ಹಾಕಿದ ಮೇಲೆ ಆ ಟೋನ್ ಬಂದರೆ ಮಾತ್ರ ಸ್ಕ್ವೆಲ್ಚ್ (ಬೇಡದ ಸದ್ದನ್ನು ತಡೆಯುವ ಬಾಗಿಲು) ತೆರೆಯುತ್ತದೆ. ಬೇರೆ ಟೋನ್ ಬಂದರೆ ಸಿಗ್ನಲ್ ಎಷ್ಟೇ ಜೋರಾಗಿದ್ದರೂ ಸ್ಪೀಕರ್ ಬಾಯಿ ಬಿಡುವುದಿಲ್ಲ. ಗೊತ್ತಿಲ್ಲವಾದರೆ ಖಾಲಿ ಬಿಡಿ. ದಯವಿಟ್ಟು ಸುಮ್ನೆ ಊಹೆ ಮಾಡಿ ತುಂಬಬೇಡಿ.

ಸರಿ, ತಿದ್ದುಪಡಿ ಕಳಿಸಿದೆ. ಹನ್ನೊಂದು ವಾರ ಕಾದೆ. ಬಂದ ಉತ್ತರ ಎರಡೇ ಪದ: "ಆಧಾರ ಸಾಲದು." ಆಧಾರ ಎಲ್ಲಿ ಕೊಡಲಿ? ಫಾರಂನಲ್ಲಿ ಇರುವುದು ಒಂದು ಪುಟ್ಟ ಬಾಕ್ಸ್. ಆಡಿಯೋ ಹಾಕಲು ಜಾಗವಿಲ್ಲ. ಸ್ಕ್ರೀನ್‌ಶಾಟ್‌ಗೂ ಜಾಗವಿಲ್ಲ. ಏನು ಕೊಟ್ಟರೆ ಒಪ್ಪುತ್ತಾರೆ ಅಂತಲೂ ಹೇಳುವುದಿಲ್ಲ. ಇಷ್ಟರ ನಡುವೆ ಅದೇ ಸಾಲಿನಲ್ಲಿ ಯಾರೋ ಹೆಸರಿನ ಸ್ಪೆಲ್ಲಿಂಗ್ ತಿದ್ದಿದ್ದಾರೆ. 'ಕೊನೆಯ ಅಪ್‌ಡೇಟ್' ದಿನಾಂಕ ಹೊಸದಾಗಿದೆ. ತಪ್ಪು ಟೋನ್ ಮಾತ್ರ ಹಾಗೇ ಕೂತಿದೆ. ಈಗ ನೋಡುವವರು ಮೊನ್ನೆ ತಾನೇ ಯಾರೋ ಕೇಳಿ ಖಚಿತ ಮಾಡಿದ್ದಾರೆ ಅಂದುಕೊಳ್ಳುತ್ತಾರೆ, ಅಲ್ವಾ?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಪ್ರತಿ ಸಾಲಿಗೂ 'ಕೊನೆಗೆ ಕೇಳಿಸಿದ್ದು' ಅಂತ ಒಂದು ದಿನಾಂಕ ಹಾಕಿ. ಪಕ್ಕದಲ್ಲಿ 'ನನಗೂ ಕೇಳಿಸಿತು' ಅನ್ನುವ ಬಟನ್ ಇಡಿ. ಒತ್ತಿದಾಗ ಮೋಡ್ (ಎಎಂ, ಎಫ್‌ಎಂ ಥರ) ಯಾವುದು, ಟೋನ್ ಯಾವುದು ಅಂತ ಕೇಳಿ. ಐದು ಜನ ಬೇರೆ ಬೇರೆ ದಿನ 103.5 ಅಂದರೆ ಅದಕ್ಕಿಂತ ಜಾಸ್ತಿ ಆಧಾರ ಇನ್ನೇನು ಬೇಕು? ಕೇಳಿಸಲಿಲ್ಲ ಅಂದ ಮಾತ್ರಕ್ಕೆ ಸಾಲನ್ನು ಅಳಿಸಿ ಅಂತ ನಾನು ಹೇಳುತ್ತಿಲ್ಲ. ಕೆಲವು ಚಾನೆಲ್‌ಗಳು ತಿಂಗಳುಗಟ್ಟಲೆ ಮೌನವಾಗಿದ್ದು ಒಂದು ದಿನ ಮಾತಾಡುತ್ತವೆ. ದಿನಾಂಕ ಕಣ್ಣಿಗೆ ಕಂಡರೆ ಸಾಕು, ನಂಬುವುದೋ ಬಿಡುವುದೋ ನಾವೇ ನೋಡಿಕೊಳ್ಳುತ್ತೇವೆ.

ದಿನಾಂಕ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಪಟ್ಟಿಯಲ್ಲಿ 137.620 ಮೆಗಾಹರ್ಟ್ಜ್‌ನಲ್ಲಿ ಅಮೆರಿಕದ ನೋವಾ-15 (NOAA-15) ಹವಾಮಾನ ಉಪಗ್ರಹ ಈಗಲೂ 'ಚಾಲ್ತಿಯಲ್ಲಿದೆ' ಅಂತಿದೆ. 1998ರಲ್ಲಿ ಹಾರಿಸಿದ ಆ ಉಪಗ್ರಹವನ್ನು 2025ರ ಆಗಸ್ಟ್‌ನಲ್ಲಿ ಶಾಶ್ವತವಾಗಿ ನಿಲ್ಲಿಸಿದರು. ಅದರ ಜೊತೆಗಾರ 18 ಮತ್ತು 19 ಕೂಡ ಅದೇ ವರ್ಷ ನಿಂತವು. ಇದು ಗುಟ್ಟಿನ ವಿಷಯವಲ್ಲ, ಈ ಹವ್ಯಾಸದಲ್ಲಿ ಇರುವವರಿಗೆಲ್ಲ ಗೊತ್ತು. ಹೊಸದಾಗಿ ಡಾಂಗಲ್ ಕೊಂಡ ಯಾರೋ ಈ ಪಟ್ಟಿ ನಂಬಿ, ಕೈಯಾರೆ ಆಂಟೆನಾ ಕಟ್ಟಿ, ಆಕಾಶಕ್ಕೆ ಹಿಡಿದು ನಿಲ್ಲುತ್ತಾರೆ. ಏನೂ ಬರುವುದಿಲ್ಲ. ತಪ್ಪು ತಮ್ಮದೇ ಅಂದುಕೊಂಡು ಹವ್ಯಾಸವನ್ನೇ ಬಿಟ್ಟುಬಿಡುತ್ತಾರೆ. ಅದನ್ನು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ.

ವಿಮಾನದ ಬ್ಯಾಂಡ್‌ನ (ಪೈಲಟ್‌ಗಳು ಮಾತಾಡುವ ಫ್ರೀಕ್ವೆನ್ಸಿಗಳ) ಕಥೆಯೂ ಇದೇ. ಚಾನೆಲ್‌ಗಳನ್ನು 8.33 ಕಿಲೋಹರ್ಟ್ಜ್ ಅಂತರದಲ್ಲಿ ಜೋಡಿಸಿದಾಗ 118.010 ಅನ್ನುವುದು ಚಾನೆಲ್‌ನ ಹೆಸರು. ನಿಜವಾದ ಫ್ರೀಕ್ವೆನ್ಸಿ 118.0083 ಮೆಗಾಹರ್ಟ್ಜ್. ಪಟ್ಟಿಯಲ್ಲಿ ಒಂದು ಕಡೆ ಹೆಸರು ಬರೆದಿದ್ದಾರೆ, ಇನ್ನೊಂದು ಕಡೆ ಫ್ರೀಕ್ವೆನ್ಸಿ. ಯಾವುದು ಯಾವುದು ಅನ್ನುವ ಗುರುತೇ ಇಲ್ಲ. ಹೀಗಾಗಿ ಒಂದೇ ಚಾನೆಲ್ ಎರಡು ಸಲ ಬಂದಿದೆ. ಡಿಎಂಆರ್ (ಒಂದು ಬಗೆಯ ಡಿಜಿಟಲ್ ರೇಡಿಯೋ) ಸಾಲುಗಳಲ್ಲಿ ಕಲರ್ ಕೋಡ್ ಅನ್ನುವ ಗುರುತಿನ ಸಂಖ್ಯೆ ಇಲ್ಲ, ಒಂದೇ ಫ್ರೀಕ್ವೆನ್ಸಿಯನ್ನು ಹಂಚಿಕೊಳ್ಳುವ ಎರಡು ಸ್ಲಾಟ್‌ಗಳಲ್ಲಿ 1ಓ 2ಓ ಹೇಳಿಲ್ಲ. ಪಟ್ಟಿಯನ್ನು ಫ್ರೀಕ್ವೆನ್ಸಿ ಪ್ರಕಾರ ಜೋಡಿಸಿದರೆ, ಅಂಕಿಗಳನ್ನು ಅಕ್ಷರಗಳ ಹಾಗೆ ಓದಿ, 1240 ಮೆಗಾಹರ್ಟ್ಜ್ ಬಂದು 145ಕ್ಕಿಂತ ಮೊದಲು ಕೂರುತ್ತದೆ.

ಪಟ್ಟಿ ನಡೆಸುವವರು ಬಿಡುವಿನ ಹೊತ್ತಿನಲ್ಲಿ ಸಂಬಳವಿಲ್ಲದೆ ದುಡಿಯುತ್ತಾರೆ, ಅದು ಗೊತ್ತು. ಆದರೆ ನಾನೂ ಬಿಡುವಿನ ಹೊತ್ತಿನಲ್ಲೇ ಕಿವಿಗೊಟ್ಟು ಕೂತಿದ್ದು.

ನಿನ್ನೆ ರಾತ್ರಿ ಅದೇ ತಿದ್ದುಪಡಿಯನ್ನು ಇನ್ನೊಮ್ಮೆ ಕಳಿಸಿದೆ. ಕೇಳಿಸಿದ ದಿನ, ಗಂಟೆ, ಟೋನ್ ಎಲ್ಲವನ್ನೂ ಆ ಪುಟ್ಟ ಬಾಕ್ಸ್‌ನಲ್ಲೇ ತುರುಕಿದ್ದೇನೆ. ಈ ಸಲವೂ ತಳ್ಳಿಹಾಕುವುದಾದರೆ, ನೀವು ಅದನ್ನು ಕೊನೆಗೆ ಯಾವತ್ತು 100.0ರಲ್ಲಿ ಕೇಳಿದಿರಿ ಅಂತ ಬರೆದು ತಿಳಿಸಿ.