ಬೋರು ಹತ್ತು ನಿಮಿಷ, ಸೈಟು ಶಾಶ್ವತ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಸಾಲುಸಾಲಾಗಿ ಕೈಕೊಟ್ಟವು. ಟ್ಯಾಂಕರ್‌ನವರಿಗೆ ದುಡ್ಡು ಸುರಿದು ಸುಸ್ತಾದ ಜನ ಒಂದು ಗಟ್ಟಿ ತೀರ್ಮಾನಕ್ಕೆ ಬಂದರು. ನೀರಿಲ್ಲದ ಊರಲ್ಲಿ ಇನ್ನು ದುಡ್ಡು ಹಾಕಬಾರದು. ಹಾಗಂದವರೇ ಸೀದಾ ಬಂದು ಹಾಸನ ಜಿಲ್ಲೆಯ ಅರಸೀಕೆರೆ ಕಡೆ ಸೈಟು ತಗೊಂಡರು.

‘ಹಾಸನ ಅಂದ್ರೆ ಮಲೆನಾಡು ಅಲ್ವಾ ಸಾರ್’ ಅಂತ ಏಜೆಂಟ್ ಹೇಳಿರುತ್ತಾನೆ. ಪೂರ್ತಿ ಸುಳ್ಳೇನಲ್ಲ. ಸಕಲೇಶಪುರದಲ್ಲಿ ಮಳೆ ಹಿಡಿದರೆ ವಾರವಾದರೂ ಬಟ್ಟೆ ಒಣಗಲ್ಲ. ಅದೇ ಜಿಲ್ಲೆಯ ಇನ್ನೊಂದು ತುದಿ ಅರಸೀಕೆರೆ. ಅಲ್ಲಿ ಬರಗಾಲದಲ್ಲಿ ತೆಂಗಿನ ಮರಗಳೇ ಸುಳಿ ಒಣಗಿ ನಿಂತಿದ್ದನ್ನು ಜನ ನೋಡಿದ್ದಾರೆ. ಆದರೆ ಬ್ರೋಷರ್‌ಗೆ ಜಿಲ್ಲೆ ಪೂರ್ತಿ ಒಂದೇ. ಮಳೆ ಸಕಲೇಶಪುರದ್ದು, ಸೈಟು ಅರಸೀಕೆರೆಯದ್ದು, ರೇಟು ಬೆಂಗಳೂರಿನದ್ದು.

ಅರಸೀಕೆರೆಯೂ ಪಕ್ಕದ ಕಡೂರೂ ಅಂತರ್ಜಲವನ್ನು ಮಿತಿ ಮೀರಿ ಬಳಸಿದ ತಾಲ್ಲೂಕುಗಳು ಅಂತ ಸರ್ಕಾರದ ಲೆಕ್ಕದಲ್ಲೇ ಇದೆ. ವರ್ಷಕ್ಕೆ ಮಳೆಯಿಂದ ಎಷ್ಟು ನೀರು ಇಳಿಯುತ್ತದೋ ಅದಕ್ಕಿಂತ ಜಾಸ್ತಿ ಎತ್ತುತ್ತಿದ್ದೇವೆ ಅಂತ ಅರ್ಥ. ಹೂಡಿಕೆದಾರರಿಗೆ ಅವರದೇ ಭಾಷೆಯಲ್ಲಿ ಹೇಳಬೇಕು ಅಂದರೆ, ಬಡ್ಡಿ ಮುಗಿದು ಅಸಲಿಗೆ ಕೈ ಹಾಕಿ ಬಹಳ ದಿನವಾಯಿತು. ಇಂಥ ಬ್ಯಾಂಕಿನಲ್ಲಿ ಅವರು ಒಂದು ರೂಪಾಯಿ ಇಡುವುದಿಲ್ಲ. ಅದರ ಮೇಲೆ ಮೂವತ್ತು ನಲವತ್ತರ ಸೈಟಾದರೆ ಎರಡೆರಡು ತಗೋತಾರೆ.

ಭಾನುವಾರದ ಸೈಟ್ ವಿಸಿಟ್ ನೋಡಬೇಕು ನೀವು. ಶಾಮಿಯಾನ, ಕೇಸರಿಬಾತು, ಪುಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು. ಬಾಟಲಿ ನೀರು ಯಾಕೆ ಅಂತ ಯಾರೂ ಕೇಳುವುದಿಲ್ಲ. ಆಮೇಲೆ ಎಲ್ಲರನ್ನೂ ಬೋರ್‌ವೆಲ್ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಸ್ವಿಚ್ ಒತ್ತಿದ ತಕ್ಷಣ ಪೈಪಿನಿಂದ ನೀರು ದಬದಬ ಬೀಳುತ್ತದೆ. ‘ಮೂರು ಇಂಚು ಸಾರ್, ಗಂಗಮ್ಮನ ದಯೆ.’ ಮೊಬೈಲುಗಳು ಮೇಲೇಳುತ್ತವೆ, ಸೆಲ್ಫಿ ಆಗುತ್ತದೆ. ಹತ್ತು ನಿಮಿಷಕ್ಕೆ ಸರಿಯಾಗಿ ಏಜೆಂಟ್ ಮೋಟರ್ ಆಫ್ ಮಾಡುತ್ತಾನೆ. ‘ನೀರು ಸುಮ್ನೆ ವೇಸ್ಟ್ ಆಗಬಾರದು ಸಾರ್, ನಮ್ಮದು ಪರಿಸರಸ್ನೇಹಿ ಲೇಔಟ್.’

ಈ ಕಡೆ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ. ಮಳೆಗಾಲ ಮುಗಿದ ಹೊಸದರಲ್ಲಿ ಬಿರುಕು ತುಂಬಿರುತ್ತದೆ, ಹತ್ತು ನಿಮಿಷಕ್ಕೆ ಯಾವ ಬೋರೂ ಮಾನ ಕಳೆಯುವುದಿಲ್ಲ. ಏಪ್ರಿಲ್‌ನಲ್ಲಿ ಬಂದು, ಗಂಟೆಗಟ್ಟಲೆ ಮೋಟರ್ ಓಡಿಸಿ, ನೀರು ಎಷ್ಟು ಕೆಳಗೆ ಹೋಯಿತು, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮೇಲೆ ಬಂತು ಅಂತ ನೋಡಿದರೆ ಅದು ಪರೀಕ್ಷೆ. ಆದರೆ ಏಪ್ರಿಲ್ ಬಿಸಿಲಲ್ಲಿ ಸೈಟ್ ವಿಸಿಟ್ ಇಟ್ಟ ಪುಣ್ಯಾತ್ಮನನ್ನು ನಾನಂತೂ ಕಂಡಿಲ್ಲ.

ಹಾಗಂತ ಗಿರಾಕಿಗಳು ಪ್ರಶ್ನೆ ಕೇಳುವುದಿಲ್ಲ ಅಂತಲ್ಲ. ಇ-ಖಾತಾ ಇದೆಯಾ? ಡಿಸಿ ಕನ್ವರ್ಷನ್ ಆಗಿದೆಯಾ? ಈಶಾನ್ಯ ಮೂಲೆ ಕಟ್ ಆಗಿದೆಯಾ? ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣ ಎಷ್ಟು ದೂರ? ಪಾರ್ಕಿನಲ್ಲಿ ಜಿಮ್ ಹಾಕ್ತೀರಾ? ಎಲ್ಲ ಆಯಿತು. ಪಕ್ಕದ ತೋಟದವನ ಬೋರು ಎಷ್ಟು ಅಡಿ, ಎಷ್ಟು ಫೇಲಾಗಿವೆ, ನೀರಲ್ಲಿ ಫ್ಲೋರೈಡ್ ಎಷ್ಟಿದೆ? ಇದು ಸಿಲಬಸ್ಸಿನಲ್ಲೇ ಇಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ನೀರು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಮೂಳೆಗೂ ಕುತ್ತು. ವಾಸ್ತು ಸರಿಯಿದ್ದರೆ ಅದೆಲ್ಲ ನಡೆಯುತ್ತದೆ ಬಿಡಿ.

ಇಷ್ಟು ಬುದ್ಧಿವಂತರು ನೀರಿನ ವಿಷಯಕ್ಕೆ ಬಂದರೆ ಯಾಕೆ ಮೂಗರಾಗುತ್ತಾರೆ? ನನಗೆ ತೋಚಿದ್ದು ಇಷ್ಟು: ಅಲ್ಲಿ ಮನೆ ಕಟ್ಟುವ ಯೋಚನೆ ಒಬ್ಬರಿಗೂ ಇಲ್ಲ. ತಗೊಂಡವನು ಎರಡು ವರ್ಷ ಇಟ್ಟು ಇನ್ನೊಬ್ಬನಿಗೆ ಮಾರಬೇಕು, ಅವನು ಮತ್ತೊಬ್ಬನಿಗೆ. ಕೈಯಿಂದ ಕೈಗೆ ಸೈಟು ಓಡಾಡುತ್ತದೆ, ಒಬ್ಬರೂ ಅಲ್ಲಿ ಒಂದು ಲೋಟ ನೀರು ಕುಡಿಯುವುದಿಲ್ಲ. ಕುಡಿಯದೆ ಇರುವವರೆಗೂ ನೀರಿಗೆ ಬರ ಎಲ್ಲಿಂದ ಬರಬೇಕು?

ತೊಂದರೆ ಶುರುವಾಗುವುದು ಯಾರಾದರೂ ನಿಜವಾಗಿ ಮನೆ ಕಟ್ಟಿದಾಗ. ಅಂಥ ಒಂದು ಲೇಔಟಿನಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರು ಕಟ್ಟಿಯೇಬಿಟ್ಟರು. ಲೇಔಟಿನ ಬೋರು ಕ್ಯೂರಿಂಗ್ ಮುಗಿಯುವ ಮೊದಲೇ ಗಾಳಿ ಉಗುಳಿತು. ಸ್ವಂತ ಬೋರಿಗೆ ರಿಗ್ ಲಾರಿ ಬಂತು, ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರೂ ಬಂದರು, ಕಾಯಿ ಎದ್ದು ನಿಂತಿತು. ಸಾವಿರ ಅಡಿವರೆಗೂ ಬಿಳಿ ಧೂಳು. ಮೇಷ್ಟ್ರು ಈಗ ಟ್ಯಾಂಕರ್ ತರಿಸುತ್ತಾರೆ. ಪಾಪ, ಪಾರದರ್ಶಕ ಮನುಷ್ಯ, ಬಿಲ್ಲಿನ ಫೋಟೋ ತೆಗೆದು ಮಾಲೀಕರ ವಾಟ್ಸಾಪ್ ಗುಂಪಿಗೆ ಹಾಕಿದರು.

ಗುಂಪಿನಲ್ಲಿ ಬೆಂಕಿ ಬಿತ್ತು. ‘ಮೇಷ್ಟ್ರೇ, ದಯವಿಟ್ಟು ಡಿಲೀಟ್ ಮಾಡಿ, ರೇಟ್ ಬೀಳುತ್ತೆ’ ಅಂತ ಒಬ್ಬರು. ‘ನೆಗೆಟಿವ್ ಯಾಕೆ ಹಬ್ಬಿಸ್ತೀರಿ ಸಾರ್’ ಅಂತ ಇನ್ನೊಬ್ಬರು. ಕೊನೆಗೆ ಎಲ್ಲರೂ ಸೇರಿ ಒಮ್ಮತದ ನಿರ್ಣಯ ಮಾಡಿದರು. ಮೇಷ್ಟ್ರು ಟ್ಯಾಂಕರ್ ತರಿಸುವುದಕ್ಕೆ ಯಾರ ಅಭ್ಯಂತರವೂ ಇಲ್ಲ. ಭಾನುವಾರ ಬೇಡ, ಉಳಿದ ದಿನ ಕತ್ತಲಾದ ಮೇಲೆ ಬರಲಿ.