ಎಫ್8 ಒತ್ತದ ಭದ್ರತೆ

ಆಡಿಟ್ ಸೀಸನ್ ಬಂತೆಂದರೆ ಬ್ಯಾಂಕುಗಳ ಮೇನ್‌ಫ್ರೇಮ್ (ದೊಡ್ಡ ಕೇಂದ್ರ ಕಂಪ್ಯೂಟರ್) ಭದ್ರತಾ ತಂಡಗಳಲ್ಲಿ ಸ್ಕ್ರೀನ್‌ಶಾಟ್ ಸುಗ್ಗಿ. ಸಂಬಳದ ಫೈಲನ್ನು ಯಾರ್ಯಾರು ಮುಟ್ಟಬಹುದು, ತೋರಿಸಿ ಎನ್ನುತ್ತಾರೆ ಆಡಿಟರ್. ಕಪ್ಪು ಪರದೆಯಲ್ಲಿ ಹಸಿರು ಅಕ್ಷರ ಮೂಡುತ್ತದೆ. ಅದರ ಚಿತ್ರ ವರ್ಡ್ ಫೈಲಿಗೆ, ಫೈಲು ಈಮೇಲಿಗೆ, ಈಮೇಲಿಗೊಂದು ಟಿಕ್ಕು. ಪಟ್ಟಿ ಮುಂದಿನ ಪುಟಕ್ಕೂ ಹರಿದಿದೆ, ನೋಡಬೇಕಾದರೆ ಎಫ್8 ಒತ್ತಬೇಕು ಎಂಬ ಕ್ಷುಲ್ಲಕ ವಿಚಾರವನ್ನು ದೊಡ್ಡವರ ಮುಂದೆ ಎತ್ತುವುದು ಸಭ್ಯತೆಯಲ್ಲ.

ಪರದೆಯದೇನೂ ತಪ್ಪಿಲ್ಲ. ಐಬಿಎಂ 1971ರಲ್ಲಿ ತಂದ 3270 ಟರ್ಮಿನಲ್ ವಂಶದ ಬಳುವಳಿ ಅದು: 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1,920. ಆ ಟರ್ಮಿನಲನ್ನು ಪಿಸಿಯಲ್ಲಿ ಅನುಕರಿಸುವ ಎಮ್ಯುಲೇಟರಿನ ಸೆಟ್ಟಿಂಗಿಗೆ ಹೋಗಿ 43 ಸಾಲಿನ ಮಾದರಿ ಆರಿಸಿಕೊಳ್ಳಬಹುದು. ಆದರೆ ಸಾಲು ಹೆಚ್ಚಿದಷ್ಟೂ ಕಾಣುವುದೂ ಹೆಚ್ಚುತ್ತದಲ್ಲ, ಆ ಉಸಾಬರಿ ಯಾರಿಗೆ ಬೇಕು? ನೂರಾರು ಪುಟದ ಭದ್ರತಾ ನೀತಿ 1,920 ಅಕ್ಷರದಲ್ಲಿ ಮುಗಿಯುವುದಾದರೆ ಎಲ್ಲರಿಗೂ ಕ್ಷೇಮ.

ಐಬಿಎಂನ ಭದ್ರತಾ ತಂತ್ರಾಂಶವಾಗಿ 1976ರಿಂದ ಕಾವಲು ನಿಂತಿರುವ ರ‍್ಯಾಕ್‌ಎಫ್ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಆಸಾಮಿ. ಬರೀ ಲಿಸ್ಟ್‌ಡಿಎಸ್‌ಡಿ ಎಂಬ ಕಮಾಂಡ್ ಹೊಡೆದರೆ ಪ್ರೊಫೈಲಿನ (ಫೈಲಿನ ಅನುಮತಿ ದಾಖಲೆಯ) ಒಡೆಯ ಯಾರು, ಯುನಿವರ್ಸಲ್ ಆಕ್ಸೆಸ್ (ಪಟ್ಟಿಯಲ್ಲಿಲ್ಲದವರಿಗೆ ಸಿಗುವ ಅನುಮತಿ) ಏನು ಎಂದು ಹೇಳಿ ಬಾಯಿ ಮುಚ್ಚುತ್ತದೆ. ಹೆಸರುಗಳ ಪಟ್ಟಿ ಬೇಕಿದ್ದರೆ ಆಥ್‌ಯೂಸರ್ ಎಂಬ ಪದ ಸೇರಿಸಬೇಕು. ಫೈಲಿನ ಪೂರ್ತಿ ಹೆಸರು ಕೊಟ್ಟು, ಅದನ್ನು ಕಾಯುತ್ತಿರುವ ಜೆನೆರಿಕ್ (ಒಂದೇ ಮಾದರಿಯ ಹೆಸರಿನ ಹಲವು ಫೈಲುಗಳನ್ನು ಕಾಯುವ) ಪ್ರೊಫೈಲು ಯಾವುದೆಂದು ತಿಳಿಯಬೇಕಿದ್ದರೆ ಜೆನೆರಿಕ್ ಎಂಬುದೂ ಬೇಕು. ಆಥ್‌ಯೂಸರ್ ಬಿಟ್ಟು ತೆಗೆದ ಚಿತ್ರದಲ್ಲಿ ಯುನಿವರ್ಸಲ್ ಆಕ್ಸೆಸ್ ‘ನನ್’ (ಏನೂ ಇಲ್ಲ) ಎಂದು ಎದೆಯುಬ್ಬಿಸಿ ಕೂತಿರುತ್ತದೆ. ಆಡಿಟರಿಗೆ ಪರಮಾನಂದ. ಅದೇ ಪ್ರೊಫೈಲಿನ ಪಟ್ಟಿಯಲ್ಲಿ, ಯಾರೂ ತಲುಪದ ಪುಟದಲ್ಲಿ, ಐಡಿಯ ಜಾಗದಲ್ಲೊಂದು ನಕ್ಷತ್ರ, ಪಕ್ಕದಲ್ಲಿ ‘ರೀಡ್’ ಎಂದಿದ್ದರೆ? ಹೆಸರು ಹಿಡಿದು ತಡೆಯದ ಹೊರತು ಆ ವ್ಯವಸ್ಥೆಯಲ್ಲಿ ಐಡಿ ಇರುವ ಬಹುಪಾಲು ಮಂದಿ ಫೈಲು ಓದಬಹುದು. ಮುಂಬಾಗಿಲಿಗೆ ಏಳು ಬೀಗ, ಹಿತ್ತಲಿಗೆ ಚಿಲಕವೂ ಇಲ್ಲ.

ಪಟ್ಟಿಯ ತಳ ಮುಟ್ಟುವುದು ಹಿಮಾಲಯ ಹತ್ತುವ ಕೆಲಸವಲ್ಲ. ರ‍್ಯಾಕ್‌ಎಫ್ ಪ್ಯಾನೆಲಿನ (ಮೆನು ಪರದೆಯ) ಮೂಲಕ ಕೇಳಿದರೆ ಉತ್ತರ ಬ್ರೌಸ್ ಪರದೆಯಲ್ಲಿ ಬರುತ್ತದೆ. ಕಮಾಂಡ್ ಸಾಲಿನಲ್ಲಿ ಎಂ ಎಂಬ ಒಂದೇ ಅಕ್ಷರ ಬರೆದು ಎಫ್8 ಒತ್ತಿದರೆ ನೇರ ಕೊನೆಗೆ. ‘ಬಾಟಮ್ ಆಫ್ ಡೇಟಾ’ ಕಂಡರೆ ಮುಗಿಯಿತು. ಆ ಸಾಲು ಇಲ್ಲದ ಸ್ಕ್ರೀನ್‌ಶಾಟ್ ಸಾಕ್ಷಿಯಲ್ಲ, ಟ್ರೇಲರ್. ಪ್ಯಾನೆಲ್ ಬಿಟ್ಟು, ಮೇನ್‌ಫ್ರೇಮಿಗೆ ನೇರ ಆಜ್ಞೆ ಕೊಡುವ ಟಿಎಸ್‌ಓ ಕಮಾಂಡ್ ಹೊಡೆದವರಿಗೆ ಪರದೆಯ ತಳದಲ್ಲಿ ಮೂರು ನಕ್ಷತ್ರ ಕಾಣುತ್ತವೆ. ಎಂಟರ್ ಒತ್ತು, ಇನ್ನೂ ಇದೆ ಎಂದು ಅರ್ಥ. ಅಲ್ಲಿ ಮುಂದಕ್ಕೆ ಹೋದ ಮೇಲೆ ಹಿಂದಕ್ಕೆ ಬರುವ ದಾರಿಯಿಲ್ಲ. ಉದ್ದದ ಪಟ್ಟಿಯಾದರೆ ಬ್ಯಾಚ್ ಜಾಬಿನಲ್ಲಿ (ಹಿನ್ನೆಲೆಯಲ್ಲಿ) ಓಡಿಸಿ ಔಟ್‌ಪುಟ್ ಓದುವುದೇ ಜಾಣತನ.

ಜಾಣತನಕ್ಕೆ ಎಸ್‌ಓಪಿಯಲ್ಲಿ, ಅಂದರೆ ಕೆಲಸದ ಕ್ರಮ ಬರೆದ ಕೈಪಿಡಿಯಲ್ಲಿ, ಜಾಗವಿಲ್ಲ ಎಂಬುದೇ ತೊಡಕು. ಆ ಗ್ರಂಥದ ಕರ್ತೃ ಯಾರೋ, ಕೆಲಸ ಬಿಟ್ಟು ಎಷ್ಟು ವರ್ಷವಾಯಿತೋ. ‘ಎಫ್3 ಮೂರು ಸಲ ಒತ್ತಿ’ ಎಂದು ಆಚಮನದಂತೆ ಬರೆದಿಟ್ಟಿದ್ದಾರೆ. ಅಮೆರಿಕದ ಬ್ಯಾಂಕಿಗಾಗಿ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುವ ಹುಡುಗರು ಭಕ್ತಿಯಿಂದ ಒತ್ತುತ್ತಾರೆ. ಏಕೆ ಮೂರು? ಬರೆದವರು ಅಂದು ಮೂರು ಪ್ಯಾನೆಲ್ ಒಳಗಿದ್ದರು, ಅದಕ್ಕೆ. ಎಫ್3 ಎಂದರೆ ‘ಎಂಡ್’, ಒಂದು ಹೆಜ್ಜೆ ಹಿಂದಕ್ಕೆ. ಎಡಿಟರಿನೊಳಗೆ ಅದೇ ಎಂಡ್, ಸಾಮಾನ್ಯ ಸೆಟ್ಟಿಂಗಿನಲ್ಲಿ, ಬರೆದದ್ದನ್ನು ಉಳಿಸಿಯೇ ಹೊರಬರುತ್ತದೆ. ಬೇಡವಾದರೆ ಕ್ಯಾನ್ಸಲ್ ಎಂದು ಬರೆಯಬೇಕು. ತಪ್ಪಾಗಿ ತಿದ್ದಿದ್ದೇವೆಂದು ಗಾಬರಿಯಾಗಿ ಎಫ್3 ಒತ್ತಿ ಓಡಿಬಂದವರು ತಪ್ಪನ್ನು ಉಳಿಸಿಯೇ ಬಂದಿರುತ್ತಾರೆ.

ಎಫ್2 ಇನ್ನೊಂದು ವಿನೋದ. ಅದು ಪರದೆಯನ್ನು ಕರ್ಸರ್ ಇದ್ದ ಜಾಗದಲ್ಲಿ ಸೀಳುತ್ತದೆ. ಕರ್ಸರ್ ನಡುವೆ ಇದ್ದಾಗ ಕೈತಪ್ಪಿ ಒತ್ತಿದರೆ ‘ಅರ್ಧ ಸ್ಕ್ರೀನ್ ಮಾಯ’ ಎಂದು ಟಿಕೆಟ್ ಬೀಳುತ್ತದೆ. ಕರ್ಸರನ್ನು ಮೇಲ್ತುದಿಗೆ ಒಯ್ದು ಮತ್ತೆ ಎಫ್2 ಒತ್ತಿದರೆ ಪೂರ್ತಿ ಪರದೆ ವಾಪಸ್; ಎರಡರ ನಡುವೆ ಓಡಾಡಲು ಎಫ್9. ಕಮಾಂಡ್ ಸಾಲಿನಲ್ಲಿ ಹಳೆಯ ಪದ ಉಳಿದಿದ್ದಾಗ ಫಂಕ್ಷನ್ ಕೀ ಒತ್ತಿದರೆ, ಈ ಪರದೆಗಳನ್ನು ನಡೆಸುವ ಐಎಸ್‌ಪಿಎಫ್ ಎರಡನ್ನೂ ಜೋಡಿಸಿ ಓದುತ್ತದೆ: 10 ಬರೆದು ಎಫ್8 ಒತ್ತಿದರೆ ಹತ್ತು ಸಾಲು ಕೆಳಕ್ಕೆ, ‘ಪೇರೋಲ್’ ಉಳಿದಿದ್ದರೆ ಬೈಗುಳ. ಇದೆಲ್ಲ ಎಸ್‌ಓಪಿಯಲ್ಲಿಲ್ಲ. ಅಲ್ಲಿ ಇರುವುದು ಕಂಪನಿಯ ಲೋಗೋ, ಪ್ರತಿ ಪುಟದಲ್ಲೂ.

ಇನ್ನು ಅನುಮತಿ ಕೊಡುವ ಪ್ರಹಸನ. ಮ್ಯಾನೇಜರ್ ಸಹಿ, ಡೇಟಾ ಒಡೆಯರ ಸಹಿ, ರಿಸ್ಕ್ ವಿಭಾಗದ ಸಹಿ, ಎಲ್ಲ ಆದ ಮೇಲೆ ಅಡ್ಮಿನ್ ಒಂದು ಸಾಲು ಪರ್ಮಿಟ್ ಕಮಾಂಡ್ ಹೊಡೆಯುತ್ತಾರೆ. ಸರಿಯಾದರೆ ರ‍್ಯಾಕ್‌ಎಫ್ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ, ಮೌನವೇ ಸಮ್ಮತಿ. ಟಿಕೆಟ್ ಕ್ಲೋಸ್, ಗಡುವಿನ ಲೆಕ್ಕವಾದ ಎಸ್‌ಎಲ್‌ಎ ಹಸಿರು. ಅರ್ಜಿದಾರರಿಗೆ ಮಾತ್ರ ಐಸಿಹೆಚ್408ಐ ಎಂಬ ಅದೇ ನಿರಾಕರಣೆ. ಕಾರಣ ಸರಳ. ಮೆಮೊರಿಯಲ್ಲಿ ರಾಕ್‌ಲಿಸ್ಟ್ ಮಾಡಿಟ್ಟ (ಪ್ರೊಫೈಲುಗಳ ಪ್ರತಿ ಇಟ್ಟುಕೊಂಡ) ಕ್ಲಾಸಾದರೆ ಸೆಟ್‌ರಾಪ್ಟ್ಸ್ ರಾಕ್‌ಲಿಸ್ಟ್ ರಿಫ್ರೆಶ್ ಹೊಡೆಯುವವರೆಗೆ ವ್ಯವಸ್ಥೆ ಹಳೆಯ ಪ್ರತಿಯನ್ನೇ ಓದುತ್ತಿರುತ್ತದೆ. ಗುಂಪಿಗೆ ಸೇರಿಸಿದ್ದಾದರೆ ಬಳಕೆದಾರರು ಲಾಗಾಫ್ ಆಗಿ ಮತ್ತೆ ಲಾಗಿನ್ ಆಗಬೇಕು. ಗುಂಪುಗಳ ಪಟ್ಟಿ ಕಟ್ಟುವುದು ಒಳಬರುವಾಗ. ರಿವೋಕ್ ಆದ (ತಡೆಹಿಡಿದ) ಐಡಿಯ ಪಾಸ್‌ವರ್ಡ್ ಬದಲಿಸಿ ರೆಸ್ಯೂಮ್ ಎಂಬ ಪದ ಮರೆತರೆ ಹೊಸ ಪಾಸ್‌ವರ್ಡ್ ಸಿಗುತ್ತದೆ, ಐಡಿ ರಿವೋಕ್ ಆಗಿಯೇ ಇರುತ್ತದೆ.

ಉದ್ಧರಣ ಚಿಹ್ನೆಯ ಮಹಿಮೆ ಇದಕ್ಕೂ ಮೇಲು. ಫೈಲಿನ ಹೆಸರಿಗೆ ಅದನ್ನು ಹಾಕದಿದ್ದರೆ ಹೆಸರಿನ ಮುಂದೆ ಅಡ್ಮಿನ್ನರದೇ ಪ್ರಿಫಿಕ್ಸ್, ಸಾಮಾನ್ಯವಾಗಿ ಅವರದೇ ಐಡಿ, ತಾನಾಗಿ ಅಂಟಿಕೊಳ್ಳುತ್ತದೆ. ಆ್ಯಡ್‌ಎಸ್‌ಡಿಯಲ್ಲಿ (ಹೊಸ ಪ್ರೊಫೈಲು ಮಾಡುವ ಕಮಾಂಡ್) ಜೆನೆರಿಕ್ ಪ್ರೊಫೈಲಿಗೆ ಹೀಗಾದರೆ ದೂರು ಕೂಡ ಇರುವುದಿಲ್ಲ. ಖಜಾನೆಗೆ ಹಾಕಲು ಹೋದ ಬೀಗ ತಮ್ಮ ಮನೆಗೇ ಬಿದ್ದಿರುತ್ತದೆ.

ಪಕ್ಕದ ಮನೆಗಳ ಕಥೆಯೂ ಬೇರೆಯಲ್ಲ. ಇಂಥದ್ದೇ ಭದ್ರತಾ ತಂತ್ರಾಂಶವಾದ ಟಾಪ್ ಸೀಕ್ರೆಟ್‌ನಲ್ಲಿ ಬಳಕೆದಾರರಿಗೆ ‘ಆ್ಯಸಿಡ್’ ಎಂದೇ ಹೆಸರು; ಕೆಲಸ ಮಾಡಿದವರು ಒಪ್ಪುತ್ತಾರೆ.

ಇಷ್ಟೆಲ್ಲ ಇರುವಲ್ಲಿ ಆಡಿಟ್ ವರದಿ ಏನು ಹೇಳಬೇಕು? ಕಪ್ಪು ಹಿನ್ನೆಲೆಯ ಚಿತ್ರಗಳು ಪ್ರಿಂಟಿನಲ್ಲಿ ಟೋನರ್ ನುಂಗುತ್ತಿವೆ, ಮುಂದಿನ ಸಲ ಬಿಳಿ ಹಿನ್ನೆಲೆಯಲ್ಲಿ ಕೊಡಿ ಎನ್ನುತ್ತದೆ. ತಂಡ ಎಮ್ಯುಲೇಟರಿನ ಬಣ್ಣ ಬದಲಿಸುತ್ತದೆ. ಅದಕ್ಕೆ ಮಾತ್ರ ರಿಫ್ರೆಶ್ ಬೇಕಿಲ್ಲ, ಕೂಡಲೇ ಜಾರಿ.