304 ವಿಕೆಟ್ ಪಡೆದವರ ಮೇಲೂ ಅನುಮಾನ

ಇಂಗ್ಲೆಂಡಿನ ಪ್ರಾಂತೀಯ ತಂಡಗಳ ಕ್ರಿಕೆಟ್ಟಾದ ಕೌಂಟಿಯಲ್ಲಿ ಕೆಂಟ್ ಪರ ಆಡಿದ ಬೌಲರ್ ಟಿಚ್ ಫ್ರೀಮನ್ ಅವರ ಹೆಸರು ಬಂದಾಗಲೆಲ್ಲ, ದುರ್ಬಲ ಬ್ಯಾಟ್ಸ್‌ಮನ್‌ಗಳೆದುರು ವಿಕೆಟ್ ಗುಡ್ಡೆ ಹಾಕಿದವರು ಎಂಬ ಮಾತು ಬೆನ್ನಿಗೇ ಬರುತ್ತದೆ. ಆ ಮಾತಿನಲ್ಲಿ ಅರ್ಧ ನಿಜವಿದೆ, ಉಳಿದರ್ಧ ಸೋಮಾರಿತನದ ತೀರ್ಪು ಎಂದು ನನಗನ್ನಿಸುತ್ತದೆ.

ಐದು ಅಡಿ ಎರಡು ಅಂಗುಲ ಎತ್ತರದ ಈ ಲೆಗ್ ಸ್ಪಿನ್ನರ್ ಕೆಂಟ್ ಪರ ಮೊದಲು ಆಡಿದ್ದು 1914ರಲ್ಲಿ, ತಮ್ಮ 26ನೇ ವಯಸ್ಸಿನಲ್ಲಿ. ಅಷ್ಟರಲ್ಲೇ ಮಹಾಯುದ್ಧ ಬಂದು ನಾಲ್ಕು ಋತುಗಳನ್ನು ನುಂಗಿತು. ಇತರರು ನಿವೃತ್ತಿಯ ಯೋಚನೆಯಲ್ಲಿರುವ 40ರ ಪ್ರಾಯದಲ್ಲಿ, ಅಂದರೆ 1928ರಲ್ಲಿ, ಅವರು 1,900ಕ್ಕೂ ಹೆಚ್ಚು ಓವರ್ ಎಸೆದು 304 ವಿಕೆಟ್ ಪಡೆದರು. ಒಂದು ಋತುವಿನಲ್ಲಿ 300ರ ಗಡಿಯನ್ನು ಅವರ ಹಿಂದೆಯೂ ಯಾರೂ ಮುಟ್ಟಿರಲಿಲ್ಲ, ಮುಂದೆಯೂ ಮುಟ್ಟಲಿಲ್ಲ. 1928ರಿಂದ 1935ರವರೆಗಿನ ಎಂಟು ಋತುಗಳಲ್ಲಿ 2,090 ವಿಕೆಟ್, ಪ್ರಥಮ ದರ್ಜೆ ವೃತ್ತಿಜೀವನದಲ್ಲಿ ಒಟ್ಟು 3,776. ಇದಕ್ಕಿಂತ ಮೇಲಿರುವವರು 4,204 ವಿಕೆಟ್‌ಗಳ ವಿಲ್ಫ್ರೆಡ್ ರೋಡ್ಸ್ ಒಬ್ಬರೇ. ಚೆಂಡಿನ ತೂಗಾಟಕ್ಕೆ ಮರುಳಾಗಿ ಕ್ರೀಸ್ ದಾಟಿದವರನ್ನು ವಿಕೆಟ್‌ ಹಿಂದೆ ಲೆಸ್ ಏಮ್ಸ್ ಕಾದು ಕೂತು ಸ್ಟಂಪ್ ಮಾಡುತ್ತಿದ್ದರು. 1932ರಲ್ಲಿ ಏಮ್ಸ್ ಮಾಡಿದ 64 ಸ್ಟಂಪಿಂಗ್‌ಗಳಲ್ಲಿ ಫ್ರೀಮನ್ ಪಾಲು ದೊಡ್ಡದು. (1936ರಲ್ಲಿ ಆಟ ಮುಗಿಸಿದ ಫ್ರೀಮನ್ ಅವರ ಮನೆಯ ಹೆಸರು ‘ಡನ್‌ಬೋಲಿನ್’, ಬೌಲಿಂಗ್ ಮುಗಿಯಿತು ಎಂಬರ್ಥದ ತಮಾಷೆ!)

ಇನ್ನು ಆ ಅರ್ಧ ನಿಜದ ಮಾತು. 1924-25ರಲ್ಲಿ ಆಸ್ಟ್ರೇಲಿಯದ ಗಟ್ಟಿ ಪಿಚ್‌ಗಳಲ್ಲಿ ಎರಡು ಟೆಸ್ಟ್ ಆಡಿದ ಅವರಿಗೆ ಸಿಕ್ಕಿದ್ದು ಎಂಟೇ ವಿಕೆಟ್, ಅದೂ ಬಹಳ ದುಬಾರಿಯಾಗಿ. ಆದರೆ 1929ರಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹೆಡಿಂಗ್ಲಿಯಲ್ಲಿ 10, ಓಲ್ಡ್ ಟ್ರಾಫರ್ಡ್‌ನಲ್ಲಿ 12 ವಿಕೆಟ್ ಕಿತ್ತವರನ್ನು, ಓವಲ್‌ನಲ್ಲಿ ಒಂದೂ ಸಿಗಲಿಲ್ಲವೆಂದು ಮತ್ತೆಂದೂ ಕರೆಯದೆ ಬಿಟ್ಟಿದ್ದನ್ನು ನ್ಯಾಯವೆನ್ನಲು ನನಗೆ ಮನಸ್ಸು ಬಾರದು. 12 ಟೆಸ್ಟ್‌ಗಳಲ್ಲಿ 66 ವಿಕೆಟ್ ಕೌಂಟಿಯಲ್ಲಷ್ಟೇ ಹುಲಿಯಾದವನೊಬ್ಬನ ಲೆಕ್ಕದಂತೆ ಕಾಣುವುದಿಲ್ಲ. 1995ರಲ್ಲಿ ನಾರ್ಥಾಂಪ್ಟನ್‌ಷೈರ್ ಪರ ನಮ್ಮ ಅನಿಲ್ ಕುಂಬ್ಳೆ 105 ವಿಕೆಟ್ ಪಡೆದಾಗ ಎದುರಾಳಿಗಳ ಬಲಾಬಲವನ್ನು ತೂಗಲು ನಾವ್ಯಾರೂ ತಕ್ಕಡಿ ಹಿಡಿದಿರಲಿಲ್ಲ.

1930ರ ಬೇಸಿಗೆಯಲ್ಲಿ ಇಂಗ್ಲೆಂಡ್ ಬೌಲರ್‌ಗಳನ್ನು ಬ್ರಾಡ್ಮನ್ ಚಚ್ಚಿ 974 ರನ್ ಗಳಿಸುತ್ತಿದ್ದಾಗ, ಅದೇ ಋತುವಿನಲ್ಲಿ 275 ವಿಕೆಟ್ ಪಡೆದ ಫ್ರೀಮನ್ ಅವರಿಗೆ ಒಂದು ಟೆಸ್ಟ್ ಕೂಡ ಸಿಗಲಿಲ್ಲ. ಫ್ರೀಮನ್ ಅವರನ್ನೂ ಬ್ರಾಡ್ಮನ್ ಬಿಡುತ್ತಿರಲಿಲ್ಲವೇನೋ, ನಿಜ. ಆದರೆ ಪರೀಕ್ಷೆಗೇ ಕೂರಿಸದೆ ನಪಾಸು ಮಾಡಿದ್ದು ಆಯ್ಕೆದಾರರು, ಫ್ರೀಮನ್ ಅಲ್ಲ.